“ಕಾಗದ ಎಲ್ಲ ಕ್ಲಿಯರ್ ಇದೆ” ಎಂದಾಗ ಏನೇನು ನೋಡಬೇಕು? ಸೈಟು, ಮನೆ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

“ಇಸಿ ಕ್ಲಿಯರ್ ಇದೆ, ಖಾತೆ ಅವರ ಹೆಸರಲ್ಲೇ ಇದೆ, ಬ್ಯಾಂಕ್ ಲೋನ್ ಕೂಡ ಆಗುತ್ತಂತೆ. ಅಡ್ವಾನ್ಸ್ ಕೊಡಬಹುದಾ?” ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಷ್ಟೋ ಜನ ಅಡ್ವಾನ್ಸ್ ಕೊಟ್ಟಾದ ಮೇಲೆ ಕೇಳುತ್ತಾರೆ. ಅವರಿಗೆ ಉತ್ತರ ಬರೆಯುವಾಗ ನಿಜಕ್ಕೂ ಸಂಕಟವಾಗುತ್ತದೆ. ಊರಿನ ಜಮೀನು ಮಾರಿ ತಂದ ಹಣವೋ, ನಿವೃತ್ತಿಯಲ್ಲಿ ಬಂದ ಪಿಎಫ್ ಹಣವೋ, ಹೆಂಡತಿಯ ಒಡವೆ ಅಡವಿಟ್ಟ ಹಣವೋ ಆಗಿರುತ್ತದೆ ಅದು.

ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಖಾತೆ (ಆಸ್ತಿ ತೆರಿಗೆಯ ದಾಖಲೆ), ಲೋನ್ ಈ ಮೂರೂ ಇದ್ದು ಮೋಸ ಹೋದವರು ಬೇಕಾದಷ್ಟಿದ್ದಾರೆ. ಈ ಮೂರರಲ್ಲಿ ಒಂದೂ “ಈ ಜಾಗದ ಮಾಲೀಕ ಇವನೇ” ಎಂದು ಹೇಳುವುದಿಲ್ಲ. ಹಾಗಾದರೆ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ಅನುಮಾನ ಪಡಬೇಕು ಎಂಬುದನ್ನು ಕರ್ನಾಟಕದಲ್ಲಿ ಸೈಟು, ಮನೆ, ಫ್ಲಾಟ್ ಕೊಳ್ಳುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. ಸ್ಟಾಂಪ್ ಸುಂಕ ಕಟ್ಟಿದ್ದಾರಾ, ಬರೆದುಕೊಟ್ಟವರು ಬಂದು ಸಹಿ ಮಾಡಿದ್ದಾರಾ, ಗುರುತು ತೋರಿಸಿದ್ದಾರಾ ಎಂಬುದನ್ನು ಅಲ್ಲಿ ನೋಡುತ್ತಾರೆ. ಮಾರುವವರಿಗೆ ಆ ಜಾಗದ ಮೇಲೆ ನಿಜವಾಗಿ ಹಕ್ಕು ಇದೆಯೇ ಎಂದು ತನಿಖೆ ಮಾಡುವುದು ಅವರ ಕೆಲಸವಲ್ಲ. ಆ ಜವಾಬ್ದಾರಿಯನ್ನು ಕಾನೂನು ಕೊಳ್ಳುವವರ ಮೇಲೆ ಹೊರಿಸಿದೆ, ಅಂದರೆ ನಿಮ್ಮ ಮೇಲೆ.

ಹಾಗಾಗಿ ಈ ಲೇಖನದುದ್ದಕ್ಕೂ ಒಂದೇ ಮಾತನ್ನು ಬೇರೆ ಬೇರೆ ಕಡೆ ಹೇಳುತ್ತೇನೆ. ಮಾರುವವರು ಕೊಟ್ಟ ಜೆರಾಕ್ಸ್ ಕೇವಲ ಒಂದು ಸುಳಿವು. ಆ ಕಾಗದ ಹುಟ್ಟಿದ ಕಚೇರಿಗೆ ನೀವೇ ಹೋಗಿ, ನಿಮ್ಮ ಅರ್ಜಿ ಕೊಟ್ಟು, ದೃಢೀಕೃತ ನಕಲು ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಇದಕ್ಕೆ ಕನಿಷ್ಠ 3–4 ವಾರ ಬಿಡುವು ಬೇಕು. ನಿಮ್ಮ ಪರವಾಗಿಯೇ ನೋಡುವ ಒಬ್ಬ ವಕೀಲರು ಬೇಕು. ಬ್ರೋಕರ್ ಕರೆದುಕೊಂಡು ಬಂದವರು, ಮಾರುವವರ ಕಾಗದ ಮಾಡಿಕೊಟ್ಟವರು ಬೇಡ. ವಕೀಲರ ಫೀಸು ಉಳಿಸಲು ಹೋಗಬೇಡಿ, ಸೈಟಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ. “ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಟೋಕನ್ ಹಾಕಿ” ಎಂದು ಯಾರಾದರೂ ಆ 3–4 ವಾರ ಕೊಡದೆ ಅವಸರ ಮಾಡಿದರೆ, ಅದನ್ನೇ ಮೊದಲನೆಯ ಅಪಾಯದ ಸೂಚನೆ ಎಂದು ಬರೆದಿಟ್ಟುಕೊಳ್ಳಿ.

ಹಂತ 1: ಮಾರುತ್ತಿರುವವರು ಯಾರು?

ಕಾಗದದ ಮಾತು ಆಮೇಲೆ, ಮೊದಲು ಮನುಷ್ಯರನ್ನು ನೋಡಿ. ಖಾಲಿ ಸೈಟುಗಳ ವಿಷಯದಲ್ಲಿ ಹೆಚ್ಚು ನಡೆಯುವ ಮೋಸವೆಂದರೆ ಮಾಲೀಕರ ಹೆಸರಿನಲ್ಲಿ ಬೇರೆಯವರನ್ನು ನಿಲ್ಲಿಸಿ ಮಾರುವುದು. ಮಾಲೀಕರು ಅಮೆರಿಕದಲ್ಲೋ ದುಬೈನಲ್ಲೋ ಇರುತ್ತಾರೆ, ಇಲ್ಲವೇ ತೀರಿಕೊಂಡಿರುತ್ತಾರೆ. ಅವರ ಹೆಸರಿಗೆ ಆಧಾರ್, ಪ್ಯಾನ್ ಎಲ್ಲ ಸೃಷ್ಟಿಯಾಗಿರುತ್ತದೆ.

ಹೀಗೆ ಮಾಡಿ: ಮಾಲೀಕರನ್ನು ಅವರ ಮನೆಯಲ್ಲೇ ಭೇಟಿಯಾಗಿ. ಹೋಟೆಲಿನಲ್ಲಿ, ಬ್ರೋಕರ್ ಆಫೀಸಿನಲ್ಲಿ, ಕಾರಿನಲ್ಲಿ ನಡೆದ ಭೇಟಿ ಲೆಕ್ಕಕ್ಕಿಲ್ಲ. ಅವರು ಕೊಂಡಾಗಿನ ಕ್ರಯಪತ್ರದಲ್ಲಿ ಫೋಟೋ ಇದ್ದರೆ ಮುಖಕ್ಕೆ ಹೋಲಿಸಿ, ಸಹಿಯನ್ನೂ ಹೋಲಿಸಿ. “ಯಾರಿಂದ ಕೊಂಡಿರಿ, ಆಗ ಪಕ್ಕದಲ್ಲಿ ಏನಿತ್ತು, ಯಾವ ಬ್ಯಾಂಕಿನ ಚೆಕ್ ಕೊಟ್ಟಿರಿ” ಎಂದು ಮಾತಿನ ನಡುವೆ ಕೇಳಿ. ನಿಜವಾದ ಮಾಲೀಕರು ತಮ್ಮ ಸೈಟಿನ ಕಥೆಯನ್ನು ನೀವು ಕೇಳದಿದ್ದರೂ ಹೇಳುತ್ತಾರೆ.

ಜಿಪಿಎ ಇದ್ದರೆ ಇನ್ನಷ್ಟು ಎಚ್ಚರ. ಜಿಪಿಎ ಎಂದರೆ ಮಾಲೀಕರು ತಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ. ಮಾಲೀಕರು ತೀರಿಕೊಂಡ ಕ್ಷಣಕ್ಕೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಆಮೇಲೆ ಅದರ ಮೇಲೆ ಮಾಡಿದ ಕ್ರಯ ನಿಲ್ಲುವುದು ಕಷ್ಟ. ಆದ್ದರಿಂದ ಮಾಲೀಕರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡದೆ ಜಿಪಿಎ ಹಿಡಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜಿಪಿಎಯಲ್ಲಿ ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿದೆಯೇ, ಅದನ್ನು ಆಮೇಲೆ ರದ್ದು ಮಾಡಿದ್ದಾರೆಯೇ ಎಂದು ನೋಡಿ. ವಿದೇಶದಲ್ಲಿ ಬರೆದ ಜಿಪಿಎ ಆದರೆ ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಸ್ಟಾಂಪ್ ಸುಂಕ ಕಟ್ಟಿಸಿರಬೇಕು. ದಾಖಲೆ ಕೇಳಿ.

ನಿಮಗೇ “ಜಿಪಿಎ ಮತ್ತು ಅಗ್ರಿಮೆಂಟ್ ಮಾಡಿಕೊಡ್ತೀವಿ, ಅದೇ ಸಾಕು” ಎಂದರೆ ಅಲ್ಲಿಂದ ಎದ್ದು ಬನ್ನಿ. ಜಿಪಿಎ, ಅಗ್ರಿಮೆಂಟ್, ವಿಲ್ ಸೇರಿಸಿ ಮಾಡುವ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಹಂತ 2: ಮೂಲ ಪತ್ರಗಳನ್ನು ಸಾಲಾಗಿ ಜೋಡಿಸಿ

ಈ ಜಾಗ ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಕನಿಷ್ಠ 30 ವರ್ಷ ಹಿಂದಕ್ಕೆ ಹೋಗಬೇಕು. ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ, ಹಕ್ಕು ಬಿಟ್ಟುಕೊಟ್ಟ ಪತ್ರ, ಏನೇ ಇರಲಿ, ಒಂದು ಕೊಂಡಿಯೂ ತಪ್ಪಿರಬಾರದು. ಪ್ರತಿಯೊಂದು ಪತ್ರದ ಮೇಲೂ ನೋಂದಣಿ ಸಂಖ್ಯೆ, ವರ್ಷ, ಕಚೇರಿಯ ಹೆಸರು ಇರುತ್ತದೆ. ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿದರೆ ದೃಢೀಕೃತ ನಕಲು ಕೊಡುತ್ತಾರೆ. ಸ್ಥಿರಾಸ್ತಿ ಪತ್ರಗಳ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು, ಮಾಲೀಕರ ಅನುಮತಿ ಬೇಕಿಲ್ಲ. ಬಹಳ ಜನಕ್ಕೆ ಈ ವಿಷಯವೇ ಗೊತ್ತಿಲ್ಲ.

ನಕಲು ಬಂದ ಮೇಲೆ ಸಾಲು ಸಾಲಾಗಿ ಓದಿ. ಖೋಟಾ ಪತ್ರ ಮಾಡುವವರು ಸೀಲು, ಸಹಿ ಚೆನ್ನಾಗಿ ಮಾಡುತ್ತಾರೆ, ಆದರೆ ಕಾಲದ ವಿಷಯದಲ್ಲಿ ಎಡವುತ್ತಾರೆ. ಕೆಲವು ಗುರುತುಗಳನ್ನು ನೆನಪಿಟ್ಟುಕೊಳ್ಳಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೆ ಮುಂಚೆ ಮೈಸೂರು ರಾಜ್ಯ. 1969ರ ಪತ್ರದಲ್ಲಿ “ಕರ್ನಾಟಕ ಸರ್ಕಾರ” ಎಂಬ ಮೊಹರು ಇದ್ದರೆ ಅದು ಆಗ ಹುಟ್ಟಿದ ಪತ್ರವಲ್ಲ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕಿಂತ ಹಳೆಯ ಪತ್ರದ ವಿಳಾಸದಲ್ಲಿ ಆರು ಅಂಕಿಯ ಪಿನ್ ಇರಲು ಸಾಧ್ಯವೇ ಇಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದದ್ದು 1986ರಲ್ಲಿ, ಬಿಬಿಎಂಪಿ ಆದದ್ದು 2007ರಲ್ಲಿ. 1980ರ ಪತ್ರದಲ್ಲಿ “ಬೆಂಗಳೂರು ಗ್ರಾಮಾಂತರ ಜಿಲ್ಲೆ” ಎಂದು ಬರೆದಿದ್ದರೆ, 2001ರ ತೆರಿಗೆ ರಸೀದಿಯ ಮೇಲೆ ಬಿಬಿಎಂಪಿ ಎಂದಿದ್ದರೆ ನೇರವಾಗಿ ವಕೀಲರಿಗೆ ತೋರಿಸಿ. ಛಾಪಾ ಕಾಗದದ ಹಿಂಬದಿಯಲ್ಲಿ ಅದನ್ನು ಮಾರಿದ ದಿನಾಂಕ, ಕೊಂಡವರ ಹೆಸರು ಇರುತ್ತದೆ. ಪತ್ರ ಬರೆದ ದಿನಕ್ಕಿಂತ ಕಾಗದ ಕೊಂಡ ದಿನ ಈಚೆಗಿದ್ದರೂ ಅದೇ ಕಥೆ.

ಇನ್ನೊಂದು ಮಾತು ತೀರಾ ಮುಖ್ಯ. “ಒರಿಜಿನಲ್ ಕಳೆದುಹೋಗಿದೆ, ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೀವಿ, ಪೇಪರ್‌ನಲ್ಲೂ ಹಾಕಿಸಿದ್ದೀವಿ” ಎಂದು ಕಾಪಿ ತೋರಿಸುತ್ತಾರೆ. ನಿಜವಾಗಿ ಕಳೆದಿರಲೂಬಹುದು. ಆದರೆ ಆ ಮೂಲ ಪತ್ರ ಯಾವುದಾದರೂ ಬ್ಯಾಂಕಿನಲ್ಲೋ ಬಡ್ಡಿಗೆ ಕೊಡುವವರ ಬಳಿಯೋ ಅಡವಿರುವ ಸಾಧ್ಯತೆಯೂ ಅಷ್ಟೇ ಇದೆ. ಮೂಲ ಪತ್ರವನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ತೆಗೆದರೆ ಆ ಅಡಮಾನವನ್ನು ನೋಂದಣಿ ಮಾಡಿಸಲೇಬೇಕೆಂದಿಲ್ಲ. ಹಾಗಾಗಿ ಅದು ಇಸಿಯಲ್ಲಿ ಕಾಣದೇ ಹೋಗಬಹುದು. ಬ್ಯಾಂಕುಗಳು ತಮ್ಮ ಅಡಮಾನಗಳನ್ನು ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ದಾಖಲಿಸುತ್ತವೆ. ಸಣ್ಣ ಶುಲ್ಕ ಕಟ್ಟಿ ಅಲ್ಲಿ ಹುಡುಕಿಸಿ. ಮೂಲ ಪತ್ರವನ್ನು ಕಣ್ಣಾರೆ ನೋಡದೆ, ಕೈಯಲ್ಲಿ ಹಿಡಿಯದೆ ಮುಂದಿನ ಹಂತಕ್ಕೆ ಹೋಗಬೇಡಿ. ಕಲರ್ ಜೆರಾಕ್ಸ್ ಈಗ ಒರಿಜಿನಲ್‌ನಂತೆಯೇ ಬರುತ್ತದೆ. ಹೆಬ್ಬೆಟ್ಟಿನ ಶಾಯಿ, ಸೀಲಿನ ಒತ್ತು, ಸಹಿಯ ಗೀರು ಕಾಗದದ ಹಿಂಬದಿಗೆ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಹಂತ 3: ಇಸಿಯನ್ನು ಓದಲು ಕಲಿಯಿರಿ

ಇಸಿ ಎಂದರೆ ಋಣಭಾರ ಪತ್ರ. ಒಂದು ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 2004ರಿಂದ ಈಚೆಗಿನದ್ದು ಸಿಗುತ್ತದೆ, ಹಳೆಯದಕ್ಕೆ ಕಚೇರಿಗೆ ಹೋಗಿ ಕೈಬರಹದ ಇಸಿ ತೆಗೆಸಬೇಕು. 2004ಕ್ಕೆ ಹಿಂದಿನದನ್ನು ತೆಗೆಸದೆ ಬಿಡುವುದು ತುಂಬಾ ಜನ ಮಾಡುವ ತಪ್ಪು.

ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ನೋಡಿ “ನಿಲ್ ಇಸಿ, ಯಾವ ತಕರಾರೂ ಇಲ್ಲ” ಎಂದು ಖುಷಿಪಡುವವರಿದ್ದಾರೆ. ಒಂದು ನಿಮಿಷ ಯೋಚಿಸಿ: ಮಾರುವವರು ಆ ಸೈಟನ್ನು 2012ರಲ್ಲಿ ಕೊಂಡದ್ದಾಗಿ ಹೇಳುತ್ತಾರೆ. 2004ರಿಂದ ಇವತ್ತಿನವರೆಗಿನ ಇಸಿಯಲ್ಲಿ ಏನೂ ಇಲ್ಲ ಎಂದರೆ ಅವರು ಕೊಂಡ ಆ ಪತ್ರ ಎಲ್ಲಿ ಹೋಯಿತು? ಒಂದೋ ಇಸಿ ಬೇರೆ ಆಸ್ತಿಗೆ ತೆಗೆಸಿದ್ದು, ಇಲ್ಲವೇ ಆ ಕ್ರಯಪತ್ರ ನೋಂದಣಿಯೇ ಆಗಿಲ್ಲ.

ಇಸಿ ಹುಡುಕುವುದು ನೀವು ಕೊಟ್ಟ ಆಸ್ತಿ ವಿವರದ ಮೇಲೆ. ಒಂದೇ ಸೈಟಿಗೆ ಸರ್ವೆ ನಂಬರ್, ಸೈಟ್ ನಂಬರ್, ಹಳೇ ಖಾತೆ ನಂಬರ್, ಹೊಸ ಖಾತೆ ನಂಬರ್, ಈಗ ಇ-ಖಾತಾ ನಂಬರ್ ಎಂದು ಐದು ವಿಳಾಸ ಇರುತ್ತದೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವವರು ಬಳಸುವ ಕಿಂಡಿ ಇದೇ. ಒಬ್ಬರಿಗೆ ಸರ್ವೆ ನಂಬರ್ ಹಾಕಿ ಬರೆದುಕೊಡುತ್ತಾರೆ, ಇನ್ನೊಬ್ಬರಿಗೆ ಖಾತೆ ನಂಬರ್ ಹಾಕಿ ಬರೆದುಕೊಡುತ್ತಾರೆ. ಎರಡನೆಯವರು ಖಾತೆ ನಂಬರಿಗೆ ಇಸಿ ತೆಗೆಸಿದರೆ ಮೊದಲಿನ ಮಾರಾಟ ಕಾಣುವುದಿಲ್ಲ. ಎಲ್ಲ ನಂಬರುಗಳಿಗೂ ಬೇರೆ ಬೇರೆ ಇಸಿ ತೆಗೆಸಿ, ಮಾರುವವರ ಹೆಸರಿನ ಮೇಲೂ ಹುಡುಕಿಸಿ. ಆ ಜಾಗ ಹಿಂದೆ ಬೇರೆ ಸಬ್ ರಿಜಿಸ್ಟ್ರಾರ್ ವ್ಯಾಪ್ತಿಯಲ್ಲಿತ್ತಾ ಎಂದೂ ಕೇಳಿ, ಇದ್ದರೆ ಅಲ್ಲಿನದೂ ಬೇಕು.

ಇಸಿಯಲ್ಲಿ ಬಾರದ ಸಂಗತಿಗಳೂ ಇವೆ: ನೋಂದಣಿಯಾಗದ ಅಗ್ರಿಮೆಂಟ್, ವಿಲ್, ಕೋರ್ಟಿನಲ್ಲಿರುವ ದಾವೆ, ಬಾಯಿಮಾತಿನ ಪಾಲು, ನಾನು ಮೇಲೆ ಹೇಳಿದ ಅಡಮಾನ. ಅದಕ್ಕೇ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು, ಅವರಿಗೆ ಮಾರಿದವರ ಹೆಸರು ಹಾಕಿ ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳಲ್ಲಿ ಕೇಸು ಇದೆಯೇ ನೋಡಿ. ಹೆಸರಿನ ಕಾಗುಣಿತವನ್ನು ಎರಡು ಮೂರು ರೀತಿ ಬರೆದು ನೋಡಿ. ದಾವೆ ನಡೆಯುತ್ತಿರುವಾಗ ಕೊಂಡರೆ ಅದರ ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ. “ನನಗೆ ಗೊತ್ತಿರಲಿಲ್ಲ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಖಾತೆಯ ಬಗ್ಗೆ ಎರಡೇ ಮಾತು. ಅದು ತೆರಿಗೆ ಯಾರು ಕಟ್ಟಬೇಕು ಎಂಬ ಲೆಕ್ಕದ ಪುಸ್ತಕ, ಹಕ್ಕುಪತ್ರವಲ್ಲ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ನಿಜ. ಇ-ಖಾತಾ ಇದೆ ಎಂದಾಕ್ಷಣ ಮಾಲೀಕತ್ವ ಸರಿಯಿದೆ ಎಂದೂ ಅಲ್ಲ.

ಹಂತ 4: ಮನೆಯವರೆಲ್ಲ ಒಪ್ಪಿದ್ದಾರಾ?

ಪಿತ್ರಾರ್ಜಿತ ಆಸ್ತಿಯಾದರೆ ಇಡೀ ವ್ಯವಹಾರ ನಿಂತಿರುವುದು ವಂಶವೃಕ್ಷದ ಮೇಲೆ. ಅಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹೆಸರುಗಳು ಹೆಣ್ಣುಮಕ್ಕಳದ್ದು. “ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ” ಎಂದು ಅಣ್ಣತಮ್ಮಂದಿರು ಹೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಬರುವ ಹಕ್ಕಿದೆ. ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಅಕ್ಕ ನಾಳೆ ಪಾಲಿನ ದಾವೆ ಹಾಕಿದರೆ ಅದು ಅವರ ನ್ಯಾಯವಾದ ಹಕ್ಕು. ಮೋಸ ಮಾಡಿದ್ದು ಅವರ ಹೆಸರನ್ನು ಬಿಟ್ಟವರು.

ಮಾಡಬೇಕಾದ್ದು: ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಪರಿಶೀಲಿಸಿ. ಊರಿಗೆ ಹೋಗಿ ಅಕ್ಕಪಕ್ಕದವರನ್ನು “ಇವರಿಗೆ ಒಟ್ಟು ಎಷ್ಟು ಜನ ಮಕ್ಕಳು” ಎಂದು ಕೇಳಿ. ಎರಡನೇ ಮದುವೆ, ತೀರಿಕೊಂಡ ಮಗನ ಹೆಂಡತಿ ಮಕ್ಕಳು, ಇವೆಲ್ಲ ಅಲ್ಲಿ ಗೊತ್ತಾಗುತ್ತದೆ. ಹಕ್ಕುಳ್ಳವರೆಲ್ಲ ಮಾರಾಟಗಾರರಾಗಿಯೇ ಸಹಿ ಮಾಡಬೇಕು. ಸಾಕ್ಷಿ ಎಂದು ಹಾಕಿಸಿದ ಸಹಿ ಪಾಲು ಬಿಟ್ಟುಕೊಟ್ಟಂತೆ ಅಲ್ಲ. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಆಸ್ತಿ ಇದ್ದರೆ ಕೋರ್ಟಿನ ಅನುಮತಿ ಪತ್ರ ಕೇಳಿ.

ಇದರ ಜೊತೆಗೆ ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ತಕರಾರು ಇದ್ದವರು ಇಷ್ಟು ದಿನದಲ್ಲಿ ತಿಳಿಸಿ ಎಂದು ಕೊಡುವ ಜಾಹೀರಾತು ಅದು. ಆ ಊರಿನವರು ಓದುವ ಪತ್ರಿಕೆಯಲ್ಲೇ ಬರಬೇಕು. ಈ ಮಾತು ಎತ್ತಿದ ಕೂಡಲೇ “ಅದೆಲ್ಲ ಬೇಡ ಸಾರ್, ದಾಯಾದಿಗಳು ಸುಮ್ಮನೆ ಗಲಾಟೆ ಮಾಡ್ತಾರೆ” ಎಂದರೆ, ನಿಮಗೆ ಬೇಕಾದ ಮಾಹಿತಿ ಅವರ ಬಾಯಿಂದಲೇ ಬಂದಹಾಗಾಯಿತು.

ಹಂತ 5: ಜಮೀನಿನ ಜಾತಕ

ಸೈಟು ಆಗುವ ಮುಂಚೆ ಅದು ಯಾರದೋ ಹೊಲ. ಆ ಹೊಲದ ಪಹಣಿ (ಕಂದಾಯ ಇಲಾಖೆಯ ಜಮೀನಿನ ದಾಖಲೆ) ತೆಗೆಸಿ, ಒಂದು ವರ್ಷದ್ದಲ್ಲ, ಸಿಗುವಷ್ಟೂ ವರ್ಷಗಳದ್ದು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳ ವಿವರ ಇರುತ್ತದೆ. ಜನ 9ನ್ನು ನೋಡಿ ಮಡಚಿಡುತ್ತಾರೆ, ನಿಜವಾದ ಸಂಗತಿ 10 ಮತ್ತು 11ರಲ್ಲಿರುತ್ತದೆ.

10ರಲ್ಲಿ ಮಂಜೂರು, ದರಖಾಸ್ತು ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಇದಕ್ಕಾಗಿಯೇ 1978ರ ಪಿಟಿಸಿಎಲ್ ಕಾಯ್ದೆ ಇದೆ. ಬಡವರ ಕೈಯಿಂದ ಜಮೀನು ಜಾರಿಹೋಗಬಾರದೆಂದು ಮಾಡಿದ ಒಳ್ಳೆಯ ಕಾನೂನು ಅದು. ಹಾಗೆ ಅನುಮತಿ ಇಲ್ಲದೆ ಕೊಂಡ ಜಮೀನು ಎಷ್ಟು ಕೈ ಬದಲಾಗಿದ್ದರೂ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಮರಳಿಸಬಹುದು. ತಡವಾಗಿ ಅರ್ಜಿ ಹಾಕಿದರು ಎಂಬ ನೆಪ ನಡೆಯದಂತೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬಂದಿದೆ. ಐದನೆಯ ಕೊಳ್ಳುವವರಾದರೂ ನೀವು ಮನೆ ಸಮೇತ ಕಳೆದುಕೊಳ್ಳಬಹುದು. ಮೂಲ ಮಂಜೂರಾತಿ ಆದೇಶದ ನಕಲನ್ನು ತಾಲ್ಲೂಕು ಕಚೇರಿಯಿಂದ ತರಿಸಿಯೇ ಮುಂದುವರಿಯಿರಿ.

ಖರಾಬು, ಅಂದರೆ ಸಾಗುವಳಿಗೆ ಬಾರದ್ದು, ಎಂದು ಬರೆದ ವಿಸ್ತೀರ್ಣವನ್ನೂ ನೋಡಿ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಜಾಗ, ಸರ್ಕಾರದ್ದು. ಅದನ್ನೂ ಸೇರಿಸಿ ಸೈಟು ಹೊಡೆದಿರುತ್ತಾರೆ. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಜಾಗದ ಮೇಲೆ ನಿಂತು ನೋಡಿದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಕೆರೆಯೋ ರಾಜಕಾಲುವೆಯೋ ಇದೆಯೇ ಎಂದು ಸುಮಾರಾಗಿ ಗೊತ್ತಾಗುತ್ತದೆ. ಅಂತಿಮ ಮಾತು ಸರ್ವೇಯರ್ ಅಳತೆಯದೇ.

ಕೃಷಿ ಜಮೀನನ್ನು ವಾಸಕ್ಕೆ ಬಳಸಲು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ ಬೇಕು, ಜನರ ಬಾಯಲ್ಲಿ ಡಿಸಿ ಕನ್ವರ್ಷನ್. ಅದಾದ ಮೇಲೆ ಯೋಜನಾ ಪ್ರಾಧಿಕಾರದಿಂದ ಲೇಔಟ್ ನಕ್ಷೆಗೆ ಅನುಮೋದನೆ. ಇವಿಲ್ಲದೆ ಗೀಟು ಎಳೆದು ಮಾರುವುದೇ ರೆವಿನ್ಯೂ ಸೈಟು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಕೆಐಎಡಿಬಿ (ಕೈಗಾರಿಕೆಗಳಿಗೆ ಜಮೀನು ಒದಗಿಸುವ ಮಂಡಳಿ) ಅಥವಾ ಹೆದ್ದಾರಿಗೆಂದು ಭೂಸ್ವಾಧೀನದ ಅಧಿಸೂಚನೆ ಆಗಿದೆಯೇ ಎಂಬುದನ್ನು ಸರ್ವೆ ನಂಬರ್ ಹಿಡಿದು ಆಯಾ ಕಚೇರಿಯಲ್ಲೇ ಕೇಳಿ.

ಹಂತ 6: ಜಾಗದ ಮೇಲೆ ನಿಂತು ಚಕ್ಕುಬಂದಿ ಓದಿ

ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ, ಪತ್ರದ ಕೊನೆಯಲ್ಲಿ ಷೆಡ್ಯೂಲ್ ಎಂಬ ಭಾಗದಲ್ಲಿರುತ್ತದೆ. ಅಳತೆಗೂ ಚಕ್ಕುಬಂದಿಗೂ ಹೊಂದಾಣಿಕೆ ಇಲ್ಲದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಬೆಲೆ ಕೊಡುತ್ತವೆ. ಆದರೂ ಹೆಚ್ಚಿನವರು ಅದನ್ನು ಓದುವುದೇ ಇಲ್ಲ.

ಉದಾಹರಣೆಗೆ 30x40 ಅಡಿಯ 24ನೇ ನಂಬರ್ ಸೈಟು ಎಂದಿಟ್ಟುಕೊಳ್ಳಿ. 1998ರ ಪತ್ರದಲ್ಲಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂ. 9, ಉತ್ತರಕ್ಕೆ 23, ದಕ್ಷಿಣಕ್ಕೆ 25. ಈಗ ನಿಮಗೆ ಕೊಡುತ್ತಿರುವ ಕರಡಿನಲ್ಲಿ: ಪೂರ್ವಕ್ಕೆ ಸೈಟ್ ನಂ. 9, ಪಶ್ಚಿಮಕ್ಕೆ ರಸ್ತೆ. ನಂಬರ್ ಅದೇ, ಅಳತೆ ಅದೇ, ಆದರೆ ರಸ್ತೆ ಬದಿ ಬದಲಾಗಿದೆ. ಬ್ರೋಕರ್ “ಟೈಪಿಂಗ್ ಮಿಸ್ಟೇಕ್” ಎನ್ನುತ್ತಾರೆ. ಆಗಿರಬಹುದು. ಆದರೆ ಅವರು ತೋರಿಸುತ್ತಿರುವ ಸೈಟು ಬೇರೆಯೇ ಆಗಿರಬಹುದು, ಅಥವಾ ಹಳೆಯ ನಕ್ಷೆಯಲ್ಲಿ ಪಾರ್ಕ್ ಇಲ್ಲವೇ ಸಿಎ ಸೈಟ್ ಎಂದು ಬಿಟ್ಟ ಜಾಗಕ್ಕೆ ಆ ನಂಬರ್ ಅಂಟಿಸಿರಬಹುದು. ಸಿಎ ಸೈಟ್ ಎಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗಕ್ಕೆ ಕಾದಿರಿಸಿದ್ದು. ಅನುಮೋದಿತ ನಕ್ಷೆಯನ್ನು ಪ್ರಾಧಿಕಾರದಿಂದಲೇ ತಂದು ಹೋಲಿಸಿ.

ಜಾಗಕ್ಕೆ ಎರಡು ಸಲ ಹೋಗಿ, ಒಂದು ಸಲ ಬ್ರೋಕರ್ ಇಲ್ಲದೆ. ಎದುರಿನ ಮನೆಯವರನ್ನು, ಮೂಲೆಯ ಅಂಗಡಿಯವರನ್ನು “ಈ ಸೈಟು ಯಾರದು” ಎಂದು ಕೇಳಿ. ಶೆಡ್ಡಿನಲ್ಲಿ ಯಾರಾದರೂ ವಾಸ ಇದ್ದರೆ ಬಾಡಿಗೆ ಯಾರಿಗೆ ಕೊಡುತ್ತಾರೆ ಎಂದು ವಿಚಾರಿಸಿ. ಗೋಡೆ ಮೇಲೆ “ಈ ಸ್ವತ್ತು ಮಾರಾಟಕ್ಕಿಲ್ಲ” ಎಂದು ಬರೆದು ಸುಣ್ಣ ಬಳಿದಿದ್ದರೆ ಸುಣ್ಣದ ಕೆಳಗಿನ ಅಕ್ಷರವನ್ನು ಓದಲು ಪ್ರಯತ್ನಿಸಿ. ಕೋರ್ಟಿನ ದಾವೆ ಸಂಖ್ಯೆ ಅಲ್ಲೇ ಇರಬಹುದು.

ಹಂತ 7: ಫ್ಲಾಟ್ ಮತ್ತು ಹೊಸ ಲೇಔಟ್

500 ಚದರ ಮೀಟರ್ ಮೀರಿದ ಲೇಔಟ್ ಅಥವಾ 8 ಫ್ಲಾಟ್ ಮೀರಿದ ಕಟ್ಟಡವಾದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗುವ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. “ಪ್ರೀ ಲಾಂಚ್ ಆಫರ್, ರೇರಾ ಬಂದ ಮೇಲೆ ರೇಟು ಜಾಸ್ತಿ ಆಗುತ್ತೆ” ಎನ್ನುವುದು ಕಾನೂನು ಮುರಿಯುತ್ತಿದ್ದೇವೆಂದು ಅವರೇ ಹೇಳಿದಂತೆ. ಕರಪತ್ರದಲ್ಲಿ ಅಚ್ಚಾದ ರೇರಾ ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ. ಯೋಜನೆಯ ಹೆಸರು, ಸರ್ವೆ ನಂಬರ್, ಮುಗಿಸುವ ದಿನಾಂಕ, ಮೇಲಿರುವ ದೂರುಗಳು ಸಿಗುತ್ತವೆ. ಬೇರೆ ಯೋಜನೆಯ ನಂಬರನ್ನೇ ಅಚ್ಚು ಹಾಕಿರುವುದೂ ಉಂಟು. ಬ್ರೋಕರ್ ಕೂಡ ಇಂಥ ಯೋಜನೆಗಳಲ್ಲಿ ರೇರಾ ನೋಂದಣಿ ಮಾಡಿಸಿರಬೇಕು.

“ಬ್ಯಾಂಕ್ ಅಪ್ರೂವ್ಡ್” ಫಲಕವನ್ನು ನಂಬಬೇಡಿ. ಕೈಯಲ್ಲಿ ಪೂರ್ತಿ ಹಣ ಇದ್ದರೂ ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿ ಎಂದು ನಾನು ಹೇಳುತ್ತೇನೆ. ಅವರ ವಕೀಲರೂ ಒಮ್ಮೆ ಕಾಗದ ನೋಡುತ್ತಾರೆ. ಅವರು ಸಾಲ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. “ಬೇರೆ ಕಡೆ ಮಾಡಿಸಿಕೊಡ್ತೀವಿ, ಆ ಬ್ಯಾಂಕಿನವರು ಹಾಗೇ” ಎಂಬ ಸಮಾಧಾನಕ್ಕೆ ಒಪ್ಪಬೇಡಿ.

ಹಂತ 8: ಹಣ ಕೊಡುವಾಗ

ಕಾಗದದ ಪರಿಶೀಲನೆ ಮುಗಿಯುವ ಮೊದಲೇ ಟೋಕನ್ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ, ಮಾಲೀಕರ ಹೆಸರಿನ ಖಾತೆಗೇ ಹಾಕಿ. “ಪರಿಶೀಲನೆಯಲ್ಲಿ ದೋಷ ಕಂಡರೆ ಇಂತಿಷ್ಟು ದಿನದಲ್ಲಿ ಪೂರ್ತಿ ವಾಪಸ್” ಎಂದು ಬರೆಸಿಕೊಳ್ಳಿ. ಬ್ರೋಕರ್ ಖಾತೆಗೆ, ಮಾಲೀಕರ ಭಾಮೈದನ ಖಾತೆಗೆ ಹಾಕಬೇಡಿ. ರೇರಾ ವ್ಯಾಪ್ತಿಯ ಯೋಜನೆಯಲ್ಲಿ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ.

ನಗದಿನ ವಿಷಯ ನೇರವಾಗಿ ಹೇಳುತ್ತೇನೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕೆ ಪತ್ರ ಬರೆಸಿ ಉಳಿದದ್ದನ್ನು ನಗದು ಕೊಟ್ಟಿದ್ದೀರಿ ಎನ್ನಿ. ನಾಳೆ ಮೋಸ ಎಂದು ಗೊತ್ತಾಗಿ ಕೋರ್ಟಿಗೆ ಹೋದರೆ ನೀವು ಕೇಳಬಹುದಾದದ್ದು ಪತ್ರದಲ್ಲಿ ಬರೆದ ಮೊತ್ತವನ್ನು ಮಾತ್ರ. 80 ಲಕ್ಷ ಕೊಟ್ಟು 45 ಲಕ್ಷಕ್ಕೆ ಬರೆಸಿದ್ದರೆ 35 ಲಕ್ಷಕ್ಕೆ ಸಾಕ್ಷಿಯೇ ಇಲ್ಲ. ಇನ್ನು 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿಯಾದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವ ಹೊಣೆ ನಿಮ್ಮದೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಆ ಲೆಕ್ಕ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳಿ.

ಅಗ್ರಿಮೆಂಟನ್ನು ನೋಂದಣಿ ಮಾಡಿಸಿ. ಆಗ ಅದು ಇಸಿಯಲ್ಲಿ ಬರುತ್ತದೆ, ಅದೇ ಸೈಟನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟವಾಗುತ್ತದೆ.

ಹಂತ 9: ನೋಂದಣಿಯ ದಿನ ಮತ್ತು ಆಮೇಲಿನ ವಾರ

ಆ ದಿನ ಬೆಳಿಗ್ಗೆ ಮತ್ತೊಮ್ಮೆ ಇಸಿ ನೋಡಿ. ಕಾವೇರಿಯಲ್ಲಿ ತುಂಬಿದ ಆಸ್ತಿ ವಿವರವನ್ನು ಅಕ್ಷರ ಅಕ್ಷರ ಓದಿ, ಅಲ್ಲಿ ಸೈಟ್ ನಂಬರ್ ತಪ್ಪಿದರೆ ಮುಂದಿನ ಇಸಿಯಲ್ಲೂ ತಪ್ಪುತ್ತದೆ. ಮೂಲ ಪತ್ರಗಳು ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಡಿಡಿ ಅವರ ಕೈಗೆ.

ಮುಗಿದ ವಾರದೊಳಗೆ ನಿಮ್ಮ ಹೆಸರು ಬಂದಿರುವ ಇಸಿ ತೆಗೆಸಿ, ಖಾತೆ ಬದಲಾವಣೆಗೆ ಅರ್ಜಿ ಹಾಕಿ, ತಂತಿ ಬೇಲಿ ಹಾಕಿಸಿ, ಫಲಕ ನಿಲ್ಲಿಸಿ. ನೋಂದಣಿ ಪತ್ರಗಳಲ್ಲಿನ ಬೆರಳಚ್ಚು ಕದ್ದು ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದಿದ್ದವು. ಆದ್ದರಿಂದ ಆಧಾರ್‌ನ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿಡಿ. ಹೊರದೇಶದಲ್ಲಿರುವ ಕನ್ನಡಿಗರು ಊರಿನ ಸೈಟಿಗೆ ಆರು ತಿಂಗಳಿಗೊಮ್ಮೆಯಾದರೂ ಇಸಿ ತೆಗೆಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಭೋಗ್ಯಕ್ಕೆ ಮನೆ ಹಿಡಿಯುವವರಿಗೆ

ಬೆಂಗಳೂರಿನಲ್ಲಿ ಲೀಸ್ ಎಂದು ಕರೆಯುವ ಭೋಗ್ಯದ ವಿಷಯವಾಗಿಯೂ ಇದೇ ಪ್ರಶ್ನೆ ಬರುತ್ತದೆ. ನೀವು 15 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೀರಿ. ಆದರೆ ಹಣ ಪಡೆದವನು ಮಾಲೀಕನಲ್ಲ, ಮಧ್ಯವರ್ತಿ. ಮಾಲೀಕರಿಗೆ ಅವನು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿರುತ್ತಾನೆ, ಒಂದು ದಿನ ನಿಲ್ಲಿಸುತ್ತಾನೆ. ಮಾಲೀಕರು ಬಂದು ಬಾಗಿಲು ಬಡಿದಾಗಲೇ ನಿಮಗೆ ಗೊತ್ತಾಗುವುದು. ಕರಾರು ಮಾಲೀಕರ ಜೊತೆಗೇ ಆಗಲಿ, ಹಣ ಅವರ ಖಾತೆಗೇ ಹೋಗಲಿ, ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಲಿ. ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡಿ, ಕಂತು ಕಟ್ಟದೆ ಬ್ಯಾಂಕು ಹರಾಜಿಗಿಟ್ಟರೆ ನಿಮ್ಮ ಭೋಗ್ಯದ ಹಣಕ್ಕೆ ಮೊದಲ ಸ್ಥಾನ ಸಿಗುವುದಿಲ್ಲ.

ಮೋಸ ಆಗಿಹೋಗಿದ್ದರೆ

ಆನ್‌ಲೈನಿನಲ್ಲಿ ಹಣ ಹಾಕಿ ಮೋಸ ಗೊತ್ತಾದರೆ ಆ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ತಡೆಹಿಡಿಯುವ ಅವಕಾಶ ಇರುತ್ತದೆ. ಉಳಿದ ಪ್ರಕರಣಗಳಲ್ಲಿ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಂಚನೆಗೆ ಈಗ ಅನ್ವಯವಾಗುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ರೇರಾ ಯೋಜನೆಯಾದರೆ ಅಲ್ಲೂ ದೂರು ಹಾಕಿ. ಸಬ್ ರಿಜಿಸ್ಟ್ರಾರ್‌ಗೆ ತಕರಾರು ಅರ್ಜಿ ಕೊಟ್ಟು ನಿಶ್ಚಿಂತರಾಗಬೇಡಿ. ಕೋರ್ಟಿನ ತಡೆಯಾಜ್ಞೆ ಇಲ್ಲದೆ ಅವರು ಮುಂದಿನ ಮಾರಾಟವನ್ನು ನಿಲ್ಲಿಸುತ್ತಾರೆಂಬ ಭರವಸೆ ಇಲ್ಲ. ಸಿವಿಲ್ ಕೋರ್ಟಿಗೆ ಹೋಗಲೇಬೇಕು.

ಇಲ್ಲಿ ಗಡುವು ಇದೆ. ಖೋಟಾ ಪತ್ರವನ್ನು ರದ್ದು ಮಾಡಿಸಲು, ಅದು ನಿಮ್ಮ ಗಮನಕ್ಕೆ ಬಂದಂದಿನಿಂದ 3 ವರ್ಷ. ಅಗ್ರಿಮೆಂಟ್ ಪ್ರಕಾರ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹಾಕಲು, ಅದರಲ್ಲಿ ಬರೆದ ದಿನಾಂಕದಿಂದ 3 ವರ್ಷ. ದಿನಾಂಕ ಬರೆದಿಲ್ಲದಿದ್ದರೆ ಅವರು ಒಲ್ಲೆ ಎಂದದ್ದು ತಿಳಿದಂದಿನಿಂದ. “ಮಗಳ ಮದುವೆ ಮುಗೀಲಿ, ಖಾತೆ ಆಗಲಿ, ಮುಂದಿನ ತಿಂಗಳು ಮಾಡ್ಕೊಡ್ತೀನಿ” ಎಂದು ಪ್ರತಿ ಸಲ ಕಾಫಿ ಕುಡಿಸಿ ಕಳಿಸುವವರು ಈ ಮೂರು ವರ್ಷ ಕಳೆಯುವುದನ್ನೇ ಕಾಯುತ್ತಿರಬಹುದು. ನಿಮ್ಮ ಅಗ್ರಿಮೆಂಟ್ ಬೀರುವಿನಲ್ಲಿದ್ದರೆ ಇವತ್ತೇ ತೆಗೆದು ಅದರ ದಿನಾಂಕ ನೋಡಿ. ಎರಡು ವರ್ಷ ದಾಟಿದ್ದರೆ ಈ ವಾರವೇ ವಕೀಲರಿಂದ ನೋಟಿಸ್ ಕೊಡಿಸಿ, ದಾವೆಯ ಕಾಗದ ಸಿದ್ಧಮಾಡಿಸಿ.